ಆಲಿಕಲ್ಲಿಗೆ ಮುನ್ನ ನಲವತ್ತು ನಿಮಿಷ

2014ರ ಮಾರ್ಚ್ ತಿಂಗಳ ಆರಂಭದ ಒಂದು ಅಪರಾಹ್ನ. ಆಗ ನಾನು ಬೀದರ್‌ನಲ್ಲಿ ಸೇವೆಯಲ್ಲಿದ್ದೆ. ನಿವೃತ್ತರಾಗಿದ್ದ ಭೌತಶಾಸ್ತ್ರದ ಉಪನ್ಯಾಸಕರೊಬ್ಬರು ಕಚೇರಿಗೆ ದೂರವಾಣಿ ಮಾಡಿದರು. 'ಸಾಹೇಬರೆ, ಉದಗೀರ್ ಮ್ಯಾಲಿನ ಮೋಡ ಸೀದಾ ಔರಾದಿಗೆ ಹೊಂಟದ. ಒಳಗ ಆಣಿಕಲ್ಲು ಅದ. ಇನ್ನೂ ನಲವತ್ತು ನಿಮಿಷ ಟೈಮ್ ಅದ, ಯಾರಿಗಾದ್ರೂ ಹೇಳ್ರಿ' ಎಂದರು. ಅವರು ಹವಾಮಾನ ಇಲಾಖೆಯವರಲ್ಲ. ಮನೆಯ ಕಂಪ್ಯೂಟರಿನಲ್ಲಿ ಹೈದರಾಬಾದ್ ರಾಡಾರ್‌ನ ಚಿತ್ರಗಳನ್ನು ನೋಡುವುದು ಅವರ ಹವ್ಯಾಸ. ನಾನು ವಂದಿಸಿ ಫೋನ್ ಇಟ್ಟೆ. ಯಾರಿಗೂ ಹೇಳಲಿಲ್ಲ.

ಹೇಳದಿರಲು ನನ್ನ ಬಳಿ ಒಳ್ಳೆಯ ಕಾರಣಗಳಿದ್ದವು. ಸರ್ಕಾರಿ ನೌಕರನ ಬಳಿ ಅವು ಯಾವಾಗಲೂ ಇರುತ್ತವೆ. ಅಧಿಕೃತ ಮುನ್ಸೂಚನೆಯಲ್ಲಿ ಜಿಲ್ಲೆಯ 'ಕೆಲವೆಡೆ' ಗುಡುಗು ಮಳೆ ಎಂದಷ್ಟೇ ಇತ್ತು. ಲೋಕಸಭಾ ಚುನಾವಣೆ ಘೋಷಣೆಯ ಗಡಿಬಿಡಿಯಲ್ಲಿ ಕಚೇರಿ ಮುಳುಗಿತ್ತು. ಖಾಸಗಿ ವ್ಯಕ್ತಿಯೊಬ್ಬರ ಮಾತಿನ ಮೇಲೆ ತಾಲ್ಲೂಕನ್ನೇ ಎಚ್ಚರಿಸಿ, ಮಳೆ ಬಾರದೇ ಹೋದರೆ ಉತ್ತರಿಸುವವರು ಯಾರು? ಮರುದಿನ ಬೆಳಿಗ್ಗೆ ಔರಾದ್ ತಾಲ್ಲೂಕಿನ ಹೊಲವೊಂದರ ಬದುವಿನಲ್ಲಿ ನಿಂತಿದ್ದೆ. ಕಾಯಿ ಕಟ್ಟಿದ್ದ ಕಡಲೆ ನೆಲಕ್ಕೆ ಅಂಟಿತ್ತು. ಬಿಳಿಜೋಳದ ದಂಟು ಉಳಿದಿತ್ತು, ತೆನೆ ಇರಲಿಲ್ಲ. ಬಯಲಿನಲ್ಲಿದ್ದ ಕುರಿಮಂದೆಯಲ್ಲಿ ಹಲವು ಕುರಿಗಳು ಸತ್ತಿದ್ದವು. ಕುರಿಗಾಹಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತಲೆಯ ಮೇಲೆ ಹಿಡಿದು ಉಳಿದುಕೊಂಡಿದ್ದ. ಎರಡು ಫರ್ಲಾಂಗ್ ಆಚೆ ಶಾಲೆಯ ಕಟ್ಟಡವಿತ್ತು. 'ಮೊದಲೇ ಗೊತ್ತಿದ್ದರ ಅಲ್ಲಿಗೆ ಹೊಡಕೊಂಡು ಹೋಗತಿದ್ದೆ' ಎಂದ. ಗೊತ್ತಿತ್ತು ಎಂದು ನಾನು ಅವನಿಗೆ ಹೇಳಲಿಲ್ಲ.

ಆ ವರ್ಷ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಧ್ಯ ಭಾರತ ಹಾಗೂ ದಖ್ಖನ್ ಪ್ರಸ್ಥಭೂಮಿಯ ಮೇಲೆ ಬಿದ್ದ ಆಲಿಕಲ್ಲು ಒಂದೆರಡು ದಿನದ ಮಾತಾಗಿರಲಿಲ್ಲ. ಮಧ್ಯಪ್ರದೇಶ, ವಿದರ್ಭ, ಮರಾಠವಾಡಾ, ಉತ್ತರ ಕರ್ನಾಟಕ, ಅಂದಿನ ಆಂಧ್ರಪ್ರದೇಶದ ತೆಲಂಗಾಣ ಭಾಗ ಎಲ್ಲವೂ ಸರದಿಯಂತೆ ಪೆಟ್ಟು ತಿಂದವು. ಬಾರಾಮತಿಯ ರಾಷ್ಟ್ರೀಯ ಅಜೈವಿಕ ಒತ್ತಡ ನಿರ್ವಹಣಾ ಸಂಸ್ಥೆ ಆ ಹಾನಿಯ ಬಗ್ಗೆಯೇ ಅದೇ ವರ್ಷ ಪ್ರತ್ಯೇಕ ವರದಿ ಪ್ರಕಟಿಸಿತು. ಉತ್ತರದಲ್ಲಿರಬೇಕಾದ ಮೇಲ್ಪದರದ ಪಶ್ಚಿಮ ಮಾರುತ ಆ ಸಲ ದಕ್ಷಿಣಕ್ಕೆ ಜಾರಿತ್ತು. ಕೆಳಪದರದಲ್ಲಿ ಸಮುದ್ರದ ತೇವಾಂಶ ಒಳನಾಡಿಗೆ ನುಗ್ಗಿತ್ತು. ಕೆಳಗೆ ಬಿಸಿ ಮತ್ತು ತೇವ, ಮೇಲೆ ಶೀತ ಮತ್ತು ಒಣ ಗಾಳಿ, ಎತ್ತರಕ್ಕೆ ಹೋದಂತೆ ಗಾಳಿಯ ವೇಗದಲ್ಲಿ ತೀವ್ರ ಏರಿಕೆ: ಅಮೆರಿಕದ ಬಯಲಿನಲ್ಲಿ ಸುಂಟರಗಾಳಿಗಳನ್ನು ಹುಟ್ಟಿಸುವ ಸಾಮಗ್ರಿಯೂ ಹೆಚ್ಚುಕಡಿಮೆ ಇದೇ. ನಮ್ಮ ಪ್ರಸ್ಥಭೂಮಿಯಲ್ಲಿ ಅದು ಸಾಮಾನ್ಯವಾಗಿ ಆಲಿಕಲ್ಲು, ಬಿರುಗಾಳಿ, ಸಿಡಿಲಾಗಿ ಕೆಳಗಿಳಿಯುತ್ತದೆ.

ಇಂಥ ಬಿರುಮಳೆಗಳನ್ನು ನಿಮಿಷ ನಿಮಿಷಕ್ಕೂ ಹಿಂಬಾಲಿಸುವ ಹವ್ಯಾಸಿಗಳ ಬಗ್ಗೆ ನಮ್ಮಲ್ಲಿ ಒಂದು ಬಗೆಯ ನಗೆಯಿದೆ. 2015ರ ಚೆನ್ನೈ ಪ್ರವಾಹದ ವೇಳೆ ಪ್ರದೀಪ್ ಜಾನ್ ಅವರ ಟಿಪ್ಪಣಿಗಳನ್ನು ಲಕ್ಷಾಂತರ ಮಂದಿ ಓದಿದ ಮೇಲೆ ಆ ನಗೆ ಸ್ವಲ್ಪ ಕಡಿಮೆಯಾಗಿರಬಹುದು. ನನ್ನ ಪರಿಚಯದ ಹವ್ಯಾಸಿಗಳು ಅಷ್ಟು ಪ್ರಸಿದ್ಧರಲ್ಲ. ಆ ಉಪನ್ಯಾಸಕರು, ಭಾಲ್ಕಿಯಲ್ಲಿ ಮೊಬೈಲ್ ದುರಸ್ತಿಯ ಅಂಗಡಿ ಇಟ್ಟಿರುವ ಯುವಕ, ಔರಾದ್‌ನ ಹತ್ತಿರ ಆರೆಂಟು ಎಕರೆ ಉಳುವ ಪದವೀಧರ, ಇಷ್ಟೇ ಜನ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಮೂರರ ನಂತರ ಇವರ ಕಣ್ಣು ಲಾತೂರ್, ಉದಗೀರ್, ದೇಗಲೂರಿನ ದಿಕ್ಕಿಗೇ ಇರುತ್ತದೆ. ಭಾಲ್ಕಿಯವನು ಅಂಗಡಿಯ ಮಾಳಿಗೆ ಹತ್ತಿ ಮೋಡದ ಬುಡ ನೋಡುತ್ತಾನೆ. ಬೀದರಿನವರು ರಾಡಾರ್ ಚಿತ್ರದಲ್ಲಿ ಅದರ ಬಣ್ಣ ನೋಡುತ್ತಾರೆ. ಔರಾದ್‌ನವನು ಗಾಳಿ ತಿರುಗಿತೇ, ತಣ್ಣಗಾಯಿತೇ ಎಂದು ತಿಳಿಸುತ್ತಾನೆ. ನಿವೃತ್ತಿಯ ನಂತರ ನಾನೂ ಇವರೊಡನೆ ಕೂತು ಕಲಿತಿದ್ದೇನೆ. ಕಲಿತದ್ದರಲ್ಲಿ ಮುಖ್ಯವಾದದ್ದು, ಈ ಮೂವರಲ್ಲಿ ಯಾರೊಬ್ಬರ ಕಣ್ಣೂ ಒಂಟಿಯಾಗಿ ಸಾಲದು ಎಂಬುದು.

ಸಾಲದಿರಲು ಕಾರಣ ಸರಳವಾದ ರೇಖಾಗಣಿತ. ಬೀದರ್ ನಗರ ಹೈದರಾಬಾದ್‌ನಿಂದ ನೇರ ಗೆರೆಯಲ್ಲಿ ಸುಮಾರು 115 ಕಿ.ಮೀ., ಔರಾದ್ ಮತ್ತು ಭಾಲ್ಕಿ 145 ಕಿ.ಮೀ. ಆಸುಪಾಸು. ರಾಡಾರ್ ತನ್ನ ಕಿರಣವನ್ನು ನೆಲಕ್ಕಿಂತ ತುಸು ಮೇಲಕ್ಕೆ, ಅರ್ಧ ಡಿಗ್ರಿಯಷ್ಟು ಎತ್ತಿ ಬಿಡುತ್ತದೆ. ಭೂಮಿ ಬಾಗಿರುವುದರಿಂದ 145 ಕಿ.ಮೀ. ತಲುಪುವಷ್ಟರಲ್ಲಿ ಆ ಕಿರಣ ನೆಲದಿಂದ ಸುಮಾರು ಎರಡೂವರೆ ಕಿ.ಮೀ. ಮೇಲಿರುತ್ತದೆ. ಅಂದರೆ ಔರಾದ್‌ನ ಮೋಡದ ಹೊಟ್ಟೆ ಅದಕ್ಕೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಪ್ರತಿಫಲನ 55 ಡಿಬಿಝಡ್ ದಾಟಿದರೆ ಆಲಿಕಲ್ಲಿನ ಸಂಶಯ ಬಲವಾಗುತ್ತದೆ. ಆದರೆ ಅದು ಕಲ್ಲಾಗಿಯೇ ನೆಲ ಮುಟ್ಟಿತೋ, ದಾರಿಯಲ್ಲಿ ಕರಗಿ ಹನಿಯಾಯಿತೋ ಎಂಬುದನ್ನು ಹೇಳಬಲ್ಲವನು ಕೆಳಗೆ ನಿಂತ ಮನುಷ್ಯನೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಟೆಲಿಮೆಟ್ರಿಕ್ ಮಳೆಮಾಪಕಗಳ ಜಾಲ ಕಟ್ಟಿದೆ. 15 ನಿಮಿಷಕ್ಕೊಮ್ಮೆ ಮಾಹಿತಿ ಬರುತ್ತದೆ. ದೇಶದಲ್ಲಿ ಹೆಮ್ಮೆಪಡಬೇಕಾದ ವ್ಯವಸ್ಥೆ ಅದು. ಆದರೆ ಮಳೆಮಾಪಕಕ್ಕೆ ಮಿಲಿಮೀಟರ್ ಮಾತ್ರ ಗೊತ್ತು. ನಿಂಬೆ ಗಾತ್ರದ ಕಲ್ಲು ಅದರ ಲೆಕ್ಕದಲ್ಲಿ ಕರಗಿದ ಮೇಲೆ ನೀರು.

ಅಮೆರಿಕ ಈ ಮಿತಿಯನ್ನು ಬಹಳ ಹಿಂದೆಯೇ ಒಪ್ಪಿಕೊಂಡಿತು. 1970ರ ದಶಕದಿಂದ ಅಲ್ಲಿನ ಹವಾಮಾನ ಸೇವೆ 'ಸ್ಕೈವಾರ್ನ್' ಹೆಸರಿನಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಡುತ್ತಿದೆ. ಇಂದು ಅವರ ಸಂಖ್ಯೆ ಮೂರೂವರೆ ಲಕ್ಷಕ್ಕೂ ಹೆಚ್ಚು. ಅಂಚೆಯವರು, ಶಿಕ್ಷಕರು, ರೈತರು, ಹ್ಯಾಮ್ ರೇಡಿಯೊ ಹವ್ಯಾಸಿಗಳು ಎಲ್ಲರೂ ಇದ್ದಾರೆ. ಅವರು ಕಂಡದ್ದು ಮುನ್ಸೂಚಕರ ಮೇಜಿಗೆ ನೇರವಾಗಿ ಹೋಗುತ್ತದೆ. ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರವೆಂದು ಭಾವಿಸಬೇಕಾಗಿಲ್ಲ. 2011ರ ಏಪ್ರಿಲ್ 25ರಿಂದ 28ರವರೆಗೆ ಸುಮಾರು 360 ಸುಂಟರಗಾಳಿಗಳು ಎದ್ದವು. 27ನೇ ತಾರೀಖು ಒಂದೇ ದಿನ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಹವ್ಯಾಸಿಗಳು ರಸ್ತೆಯಲ್ಲಿ, ಛಾವಣಿಗಳ ಮೇಲೆ, ಪರದೆಗಳ ಮುಂದೆ ಇಡೀ ದಿನ ಆ ಬಿರುಗಾಳಿಗಳನ್ನು ಹಿಂಬಾಲಿಸಿದ್ದರು. ಎಚ್ಚರಿಕೆಗಳು ಸರಾಸರಿ ಇಪ್ಪತ್ತು ನಿಮಿಷಕ್ಕೂ ಮೊದಲೇ ಹೊರಟಿದ್ದವು. ಆದರೂ ಏಕೆ ಅಷ್ಟು ಸಾವು? ಮುಂಜಾನೆಯ ಮೊದಲ ಬಿರುಗಾಳಿ ಎಷ್ಟೋ ಕಡೆ ವಿದ್ಯುತ್ ಕೆಡಿಸಿತ್ತು. ಸಂಜೆಯ ಎಚ್ಚರಿಕೆ ಅಂಥ ಮನೆಗಳನ್ನು ತಲುಪಲಿಲ್ಲ. ತಲುಪಿದ ಕಡೆಯಲ್ಲೂ ಅನೇಕರು ಇನ್ನೊಂದು ಬಾಯಿಯಿಂದ ಖಚಿತವಾಗಲಿ ಎಂದು ಕಾದರು. ಸೇವೆಯ ಸ್ವಂತ ಪರಾಮರ್ಶೆಯಲ್ಲೇ ಇದು ದಾಖಲಾಗಿದೆ.

ಈ ಎರಡೂ ಕಾರಣಗಳನ್ನು ಓದಿದಾಗ ನನಗೆ ಔರಾದ್ ನೆನಪಾಯಿತು. ಗಾಳಿ ಎದ್ದ ಹತ್ತನೇ ನಿಮಿಷಕ್ಕೆ ಅಲ್ಲಿ ಕರೆಂಟ್ ಹೋಗುತ್ತದೆ. ಅದರ ಬೆನ್ನಿಗೆ ಮೊಬೈಲ್ ಸಿಗ್ನಲ್ ಕೂಡ ನಂಬುವಂತಿಲ್ಲ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ 'ದಾಮಿನಿ' ಸಿಡಿಲಿನ ಬಗ್ಗೆ ಎಚ್ಚರಿಸುತ್ತದೆ, 'ಸಚೇತ್' ವ್ಯವಸ್ಥೆಯಿಂದ ಫೋನಿಗೆ ಸಂದೇಶ ಬರುತ್ತದೆ. ಇವೆಲ್ಲ ಸ್ವಾಗತಾರ್ಹ. ಆದರೆ ಹೊಲದಲ್ಲಿರುವ ಕೂಲಿ ಹೆಂಗಸಿನ ಫೋನ್ ಬುತ್ತಿಗಂಟಿನಲ್ಲಿರುತ್ತದೆ, ಇಲ್ಲವೇ ಮನೆಯಲ್ಲಿ ಮಗನ ಕೈಯಲ್ಲಿರುತ್ತದೆ. ಕೊನೆಯ ಒಂದು ಮೈಲಿಯನ್ನು ಇಂದಿಗೂ ದಾಟಿಸುವುದು ಗುಡಿಯ, ಮಸೀದಿಯ ಧ್ವನಿವರ್ಧಕ ಮತ್ತು ಗುರುತಿನ ಮನುಷ್ಯನ ಕೂಗು. 'ಇನ್ನೊಂದು ಬಾಯಿ' ಎಂದು ಜನ ಕಾಯುವುದು ಅವನಿಗಾಗಿಯೇ.

ಇನ್ನು ಗಡಿಯ ತೊಡಕು ಬೇರೆ. ಒಂದೇ ಮೋಡ ಉದಗೀರ್‌ನಲ್ಲಿರುವಾಗ ಅದರ ಮುನ್ಸೂಚನೆ ಮುಂಬೈನ ಹೊಣೆ. ಕಮಲನಗರ ದಾಟಿ ಔರಾದ್‌ಗೆ ಬಂದರೆ ಬೆಂಗಳೂರಿನದು. ಮುಂದೆ ನಾರಾಯಣಖೇಡಕ್ಕೆ ಹೋದರೆ ಹೈದರಾಬಾದಿನದು. ಉದಗೀರ್‌ನ ಜನ ಅದನ್ನು ಗಾರಾ ಎನ್ನುತ್ತಾರೆ, ನಾವು ಆಣಿಕಲ್ಲು, ಅತ್ತ ಕಡೆಯವರು ವಡಗಳ್ಳು. ನಮ್ಮ ಬೀದರಿನವರಿಗೆ ಮೂರೂ ತಿಳಿಯುತ್ತದೆ, ಆಡಳಿತಕ್ಕೆ ಮಾತ್ರ ಒಂದೊಂದು ಕಚೇರಿಗೆ ಒಂದೊಂದು. ಉದಗೀರ್‌ನಲ್ಲಿ ಕಲ್ಲು ಬಿದ್ದ ಸುದ್ದಿಯೇ ಔರಾದ್‌ಗೆ ಅತ್ಯುತ್ತಮ ಮುನ್ಸೂಚನೆ. ನಡುವೆ ಇರುವ 35 ಕಿ.ಮೀ. ದೂರವನ್ನು ಅಂಥ ಮೋಡ ಮುಕ್ಕಾಲು ಗಂಟೆಯೊಳಗೆ ಕ್ರಮಿಸಬಹುದು. ಆ ಸುದ್ದಿ ತಾಲ್ಲೂಕು ಕಚೇರಿಯಿಂದ ತಾಲ್ಲೂಕು ಕಚೇರಿಗೆ ದಾಟುವುದಕ್ಕೆ ಒಂದು ಫೋನ್ ಸಾಕು. ನನ್ನ ಸೇವಾವಧಿಯಲ್ಲಿ ಅಂಥ ಫೋನ್ ಬಂದದ್ದು ನೆನಪಿಲ್ಲ, ನಾನೂ ಮಾಡಿದವನಲ್ಲ. ಬಂದದ್ದು ಹವ್ಯಾಸಿಯೊಬ್ಬರ ಫೋನ್ ಮಾತ್ರ.

ಹವ್ಯಾಸಿಗಳನ್ನು ನಂಬಿದರೆ ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ, ಜನ ಗಾಬರಿಯಾಗುತ್ತಾರೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಉತ್ಸಾಹದಲ್ಲಿ ಪ್ರತಿ ಕಪ್ಪು ಮೋಡವನ್ನೂ ಪ್ರಳಯವೆನ್ನುವವರು ಇದ್ದಾರೆ. ಹಳೆಯ ವಿಡಿಯೊವನ್ನು ಇಂದಿನದೆಂದು ಹಂಚುವವರೂ ಇದ್ದಾರೆ. ತರಬೇತಿ ಬೇಕೆನ್ನುವುದು ಇದಕ್ಕಾಗಿಯೇ. ಆದರೆ ಅರ್ಥಶಾಸ್ತ್ರ ಓದಿದವನಾಗಿ ಎರಡು ತಪ್ಪುಗಳ ಬೆಲೆಯನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಬೇಕೆನ್ನುತ್ತೇನೆ. ಎಚ್ಚರಿಕೆ ಸುಳ್ಳಾದರೆ ಕುರಿಗಾಹಿಗೆ ಒಂದು ಗಂಟೆಯ ಮೇವು ನಷ್ಟ, ಕಣದ ರೈತನಿಗೆ ರಾಶಿಯ ಮೇಲೆ ತಾಡಪತ್ರಿ ಎಳೆದ ಶ್ರಮ. ಎಚ್ಚರಿಕೆ ಇಲ್ಲದೇ ಮೋಡ ನಿಜವಾದರೆ ಮಂದೆ, ರಾಶಿ, ಕೆಲವೊಮ್ಮೆ ಜೀವ. ತಪ್ಪಿನ ಈ ಬೆಲೆಗಳನ್ನು ತೆರುವವನು ರೈತ. ಆದರೆ ತೀರ್ಮಾನಿಸುವ ಅಧಿಕಾರಿಗೆ ಲೆಕ್ಕ ತಲೆಕೆಳಗು. ಸುಳ್ಳು ಎಚ್ಚರಿಕೆಗೆ ನೋಟಿಸ್ ಬರುತ್ತದೆ, ಸುಮ್ಮನಿದ್ದುದಕ್ಕೆ ಬರುವುದಿಲ್ಲ. 2014ರಲ್ಲಿ ನನಗೆ ಬರಲಿಲ್ಲ.

ಈ ಉಪಖಂಡದಲ್ಲಿ ಸುಮ್ಮನಿರುವುದು ದುಬಾರಿ. ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯಂತೆ ಆಲಿಕಲ್ಲಿನಿಂದ ಅತಿ ಹೆಚ್ಚು ಸಾವು ಸಂಭವಿಸಿದ್ದು 1888ರ ಏಪ್ರಿಲ್ 30ರಂದು ಮೊರಾದಾಬಾದ್ ಬಳಿ: 246 ಮಂದಿ. ಸುಂಟರಗಾಳಿಯಿಂದ ಅತಿ ಹೆಚ್ಚು ಸಾವು 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ: ಸುಮಾರು 1300. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪೈಗುರಿಯಲ್ಲಿ ಎದ್ದ ಗಾಳಿಯೂ ಜೀವಗಳನ್ನು ಬಲಿ ತೆಗೆದುಕೊಂಡಿತು. ದೇಶದಲ್ಲಿ ಸಿಡಿಲಿಗೆ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 2000 ಕೋಟಿ ರೂಪಾಯಿಯ 'ಮಿಷನ್ ಮೌಸಮ್'ಗೆ ಒಪ್ಪಿಗೆ ನೀಡಿತು. ಹೆಚ್ಚಿನ ರಾಡಾರ್‌ಗಳು ಬರಲಿ. ಆದರೆ ಅದೇ ವರ್ಷದ ಆರಂಭದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಲಾಯಿತು ಎಂಬುದನ್ನೂ ನೆನೆಯಬೇಕು. ಮೇಲಿನ ಕಣ್ಣಿಗೆ ಹಣವಿದೆ, ಕೆಳಗಿನ ಕಣ್ಣಿಗಿಲ್ಲ. ಒಂದು ಪಂಚಾಯಿತಿಗೆ ಇಬ್ಬರು ಮೂವರು ಆಸಕ್ತರನ್ನು ಆರಿಸಿ, ಜನವಾಡದ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಫೆಬ್ರುವರಿಯಲ್ಲಿ ಒಂದು ದಿನ ಕೂರಿಸಿ, ಮೋಡವನ್ನು ಓದುವುದು, ಕಲ್ಲಿನ ಗಾತ್ರ ಹೇಳುವುದು, ಯಾವ ಸಂಖ್ಯೆಗೆ ತಿಳಿಸುವುದು ಎಂಬುದನ್ನು ಕಲಿಸಿದರೆ ಖರ್ಚು ಊಟ ಮತ್ತು ಬಸ್ ಚಾರ್ಜಿನಷ್ಟು. ಅವರು ತಿಳಿಸಿದ್ದನ್ನು ಮುಂದೆ ದಾಟಿಸಿದ ಅಧಿಕಾರಿಗೆ, ಅದು ಸುಳ್ಳಾದರೂ ತೊಂದರೆಯಾಗದು ಎಂಬ ಒಂದು ಸುತ್ತೋಲೆ ಬೇಕು. ತರಬೇತಿಗಿಂತ ಆ ಸುತ್ತೋಲೆಯೇ ಕಷ್ಟವೆಂದು ಅನುಭವದಿಂದ ಬಲ್ಲೆ.

ಎಚ್ಚರಿಕೆ ನಿಂತ ಬೆಳೆಯನ್ನು ಉಳಿಸಲಾರದು. ಅಲ್ಲಿ ರೈತನಿಗೆ ಬೇಕಿರುವುದು ಸಾಕ್ಷ್ಯ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಸ್ಥಳೀಯ ವಿಪತ್ತು. 72 ಗಂಟೆಯೊಳಗೆ ತಿಳಿಸಬೇಕು. ವಿಪತ್ತು ಪರಿಹಾರಕ್ಕೆ ಬೆಳೆ ಶೇ 33ರಷ್ಟಾದರೂ ಹಾಳಾಗಿರಬೇಕು. ಕೆಲವೇ ಕಿ.ಮೀ. ಅಗಲದ ಪಟ್ಟಿಯಲ್ಲಿ ಬೀಳುವ ಕಲ್ಲು ಪಂಚನಾಮೆಯವರು ಬರುವ ಹೊತ್ತಿಗೆ ನೀರಾಗಿರುತ್ತದೆ. ಪಕ್ಕದ ಪಂಚಾಯಿತಿಯ ಮಳೆಮಾಪಕ ಎಂಟು ಮಿಲಿಮೀಟರ್ ಎನ್ನುತ್ತದೆ. ನಾನು ಸಹಿ ಮಾಡಿದ ಪಂಚನಾಮೆಗಳಲ್ಲಿ ಕಲ್ಲಿನ ಗಾತ್ರ ಬರೆಯುವ ಅಂಕಣ ಕಂಡ ನೆನಪಿಲ್ಲ. ಅಮೆರಿಕದ ಕೊಲೊರಾಡೊದಲ್ಲಿ 1998ರಲ್ಲಿ ಆರಂಭವಾದ ಸ್ವಯಂಸೇವಕ ಮಳೆ ಮಾಪನ ಜಾಲದವರು ಇದಕ್ಕೊಂದು ಉಪಾಯ ಬಳಸುತ್ತಾರೆ. ಥರ್ಮೋಕೋಲ್‌ನಂಥ ಹಲಗೆಗೆ ಅಲ್ಯುಮಿನಿಯಂ ಹಾಳೆ ಸುತ್ತಿ ಬಯಲಲ್ಲಿಡುತ್ತಾರೆ. ಬಿದ್ದ ಕಲ್ಲು ಅದರ ಮೇಲೆ ಕುಳಿ ಬಿಡುತ್ತದೆ. ಕುಳಿಯ ಅಗಲದಿಂದ ಕಲ್ಲಿನ ಗಾತ್ರ, ಎಣಿಕೆಯಿಂದ ದಟ್ಟಣೆ.

ಔರಾದ್‌ನ ಆ ಪದವೀಧರನಿಗೆ ಇದನ್ನು ಹೇಳಿದ್ದೆ. ಟಿ.ವಿ. ಪೆಟ್ಟಿಗೆಯ ಥರ್ಮೋಕೋಲ್‌ಗೆ ರೊಟ್ಟಿ ಕಟ್ಟುವ ಹಾಳೆ ಸುತ್ತಿ ಹೊಲದ ಗುಡಿಸಲಿನ ಮೇಲಿಟ್ಟ. ಮುಂದಿನ ಬೇಸಿಗೆಯ ಒಂದು ಸಂಜೆ ಅದರ ಮೇಲೆ ಕುಳಿಗಳು ಮೂಡಿದವು. ಸ್ಕೇಲ್ ಇಟ್ಟು ಫೋಟೊ ತೆಗೆದು ಕಳುಹಿಸಿದ. 'ಇದು ಎಲ್ಲಿ ಕೊಡಬೇಕ್ರಿ ಸಾಹೇಬರೆ?' ಎಂದು ಕೇಳಿದ. ನನಗೆ ತಿಳಿದ ಯಾವ ನಮೂನೆಯಲ್ಲೂ ಅದಕ್ಕೆ ಜಾಗವಿರಲಿಲ್ಲ. ಹಲಗೆಯ ಹಿಂದೆ ತಾರೀಖು, ವೇಳೆ, ಸರ್ವೆ ನಂಬರ್ ಬರೆದು, ಅಕ್ಕಪಕ್ಕದ ಇಬ್ಬರ ಸಹಿ ಹಾಕಿಸಿ, ಪಹಣಿಯ ಜೊತೆ ಟ್ರಂಕಿನಲ್ಲಿಡು ಎಂದೆ.