ನಮಗೆ ಮುಚ್ಚಿದ್ದು, ಅವರಿಗೆ ತೆರೆದದ್ದು

ನಾನು ಕೆಲಸ ಮಾಡುವುದು ಕೋಲ್ಕತ್ತದ ಬಿಬಿಡಿ ಬಾಗ್‌ನಲ್ಲಿ. ಹಿಂದೆ ಡಾಲ್‌ಹೌಸಿ ಚೌಕವಾಗಿದ್ದ ಈ ಜಾಗಕ್ಕೆ ಈಗ ಬಿನೊಯ್, ಬಾದಲ್, ದಿನೇಶ್ ಎಂಬ ಮೂವರು ತರುಣರ ಹೆಸರಿದೆ. 1930ರ ಡಿಸೆಂಬರ್ 8ರಂದು ಅವರು ಇಲ್ಲಿನ ರೈಟರ್ಸ್ ಬಿಲ್ಡಿಂಗಿನ ಒಳಗೆ ಹೋದದ್ದು ಸಾಹೇಬರ ಉಡುಪು ತೊಟ್ಟು. ಬಾಗಿಲು ಬಟ್ಟೆ ನೋಡಿ ತೆರೆಯುತ್ತಿದ್ದ ಕಾಲ ಅದು. ಆ ಕಾಲ ಮುಗಿಯಿತು ಎನ್ನುವವರು ನಮ್ಮ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣವನ್ನೊಮ್ಮೆ ನೋಡಬೇಕು.

2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಶುರುವಾಯಿತು. ಟಿಕೆಟ್ ಕೊಂಡು ಹಾರುವವರಿಗೆ ಎಚ್‌ಎಎಲ್ ಬಂದ್ ಆಯಿತು. ಹೊಸ ನಿಲ್ದಾಣಕ್ಕೆ ಬಂಡವಾಳ ಹಾಕಿದವರಿಗೆ ಪೈಪೋಟಿ ಇರಬಾರದೆಂದು ಕೇಂದ್ರ ಸರ್ಕಾರ 2004ರ ಒಪ್ಪಂದದಲ್ಲೇ ಮಾತು ಕೊಟ್ಟಿತ್ತು. 150 ಕಿಲೋಮೀಟರ್ ವ್ಯಾಪ್ತಿಯಲ್ಲಿ, 25 ವರ್ಷ, ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಕೂಡದು. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಹಳೆಯದನ್ನೂ ಉಳಿಸಿ ಎಂದು ಜನ ಕೂಗಿದರು, ಕೋರ್ಟಿಗೂ ಹೋದರು. ಪ್ರಯೋಜನವಾಗಲಿಲ್ಲ.

ಆದರೆ ಮುಚ್ಚಿದ್ದು ನಮಗೆ ಮಾತ್ರ. ಮೂರು ಕಿಲೋಮೀಟರಿಗೂ ಉದ್ದದ ಆ ರನ್‌ವೇ ಇವತ್ತಿಗೂ ಚೆನ್ನಾಗಿಯೇ ನಡೆಯುತ್ತಿದೆ. ಸೇನೆಯ ವಿಮಾನಗಳು ಇಳಿಯಲಿ, ಎಚ್‌ಎಎಲ್ ತನ್ನ ಪರೀಕ್ಷಾ ಹಾರಾಟ ನಡೆಸಲಿ, ಏರ್ ಆಂಬುಲೆನ್ಸ್ ಬರಲಿ. ಯಾರ ತಕರಾರೂ ಇಲ್ಲ. ಆದರೆ ಉದ್ಯಮಿಗಳ ಖಾಸಗಿ ಜೆಟ್‌ಗಳಿಗೆ ಅಲ್ಲಿ ಯಾಕೆ ಜಾಗ? ಮುರುಗೇಶಪಾಳ್ಯದವರು ತಲೆಯ ಮೇಲಿನ ಸದ್ದನ್ನು ಸಹಿಸಿಕೊಳ್ಳಬೇಕು, ತಾವು ಹಾರಬೇಕಾದಾಗ ಮಾತ್ರ ಊರಾಚೆಯ ದೇವನಹಳ್ಳಿಗೆ ಬಸ್ಸು ಹತ್ತಬೇಕು. ಕೋಲ್ಕತ್ತದಿಂದ ಬೆಂಗಳೂರಿಗೆ ವಿಮಾನದಲ್ಲಿ ಎರಡೂವರೆ ಗಂಟೆ. ಸಂಜೆ ಹೊತ್ತು ಇಳಿದರೆ ಮನೆ ಸೇರಲು ಹೆಚ್ಚುಕಮ್ಮಿ ಅಷ್ಟೇ ಹೊತ್ತು ರಸ್ತೆಯಲ್ಲಿ.

ದುಡ್ಡಿದ್ದವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ದೆಹಲಿಯಲ್ಲಿ 2020ರಲ್ಲಿ ಖಾಸಗಿ ಜೆಟ್‌ಗಳಿಗೆಂದೇ ಪ್ರತ್ಯೇಕ ಟರ್ಮಿನಲ್ ತೆರೆಯಿತು. ಮೆತ್ತನೆಯ ಸೋಫಾ, ಅಲ್ಲೇ ಕಸ್ಟಮ್ಸ್, ಅಲ್ಲೇ ಇಮಿಗ್ರೇಶನ್. ಇರಲಿ ಬಿಡಿ. ಅದು ಎಲ್ಲರೂ ಬರುವ ನಿಲ್ದಾಣದಲ್ಲೇ ಇದೆ. ಎಚ್‌ಎಎಲ್‌ನಲ್ಲಿ ಹಾಗಲ್ಲ, ಎಲ್ಲರನ್ನೂ ಹೊರಗೆ ಕಳಿಸಿ ಕೆಲವರನ್ನು ಉಳಿಸಿಕೊಂಡಿದ್ದಾರೆ.

ಅವರು ಶುಲ್ಕ ಕಟ್ಟುತ್ತಾರಲ್ಲ ಎನ್ನಬಹುದು. ನಾವೂ ಕಟ್ಟುತ್ತೇವೆ, ಪ್ರತಿ ಟಿಕೆಟ್ಟಿನಲ್ಲೂ. ಅವರ ಸಮಯಕ್ಕೆ ಬೆಲೆಯಿದೆ ಎನ್ನಬಹುದು. ಅಪ್ಪನಿಗೆ ಹುಷಾರಿಲ್ಲವೆಂದು ರಜೆ ಹಾಕಿ ಓಡಿಬರುವ ಮಗಳ ಸಮಯಕ್ಕೆ ಬೆಲೆಯಿಲ್ಲವೇ? ಅಷ್ಟಕ್ಕೂ ಅದು ಯಾರ ನೆಲ? 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಕಾರ್ಖಾನೆ ಕಟ್ಟಲು ಬಂದಾಗ ಮೈಸೂರು ಸಂಸ್ಥಾನ ನೆಲವನ್ನೂ ಕೊಟ್ಟಿತು, ಹಣವನ್ನೂ ಹಾಕಿತು. ಅಂದರೆ ಅದರಲ್ಲಿ ನಮ್ಮ ಅಜ್ಜಂದಿರ ಕಂದಾಯವೂ ಸೇರಿದೆ.

ಈಗ ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆ, ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ ಜಾಗ ನೋಡುತ್ತಿದ್ದಾರೆ. ಸಾವಿರಾರು ಎಕರೆ ಬೇಕು. ಹೋಗುವುದು ಮತ್ತೆ ರೈತರ ಹೊಲ. ಊರ ನಡುವಿನ ರನ್‌ವೇಯನ್ನು ಕೆಲವೇ ಜನರಿಗೆ ಬಿಟ್ಟುಕೊಟ್ಟು ರಾಗಿ ಹೊಲಕ್ಕೆ ಕೈ ಹಾಕುವುದು ಯಾವ ನ್ಯಾಯ?

ನನ್ನ ಬೇಡಿಕೆ ಸರಳ. ಹುಬ್ಬಳ್ಳಿ, ಕಲಬುರಗಿ, ಮಂಗಳೂರಿಗೆ ಹೋಗುವ ಸಣ್ಣ ವಿಮಾನಗಳಿಗಾದರೂ ಎಚ್‌ಎಎಲ್ ಬಾಗಿಲು ತೆಗೆಯಿರಿ. ಒಪ್ಪಂದ ಅಡ್ಡಬರುತ್ತದೆ ಎಂದಾದರೆ ಅದು ಜೆಟ್‌ಗಳಿಗೂ ಅಡ್ಡಬರಲಿ. ಅವೂ ದೇವನಹಳ್ಳಿಯಲ್ಲೇ ಇಳಿಯಲಿ. ಕೇಳಿದರೆ ಆಗುವುದಿಲ್ಲ ಎಂದೇನಿಲ್ಲ. ನಿಲ್ದಾಣದ ದುಬಾರಿ ಚಹಾದ ಬಗ್ಗೆ ಸಂಸತ್ತಿನಲ್ಲಿ ಗಲಾಟೆಯಾಯಿತು. 2024ರ ಡಿಸೆಂಬರಿನಲ್ಲಿ ಇಲ್ಲಿನ ದಮ್‌ದಮ್ ನಿಲ್ದಾಣದಲ್ಲಿ 10 ರೂಪಾಯಿಗೆ ಚಹಾ ಸಿಗತೊಡಗಿತು.

ಇಪ್ಪತ್ತೈದು ವರ್ಷದ ಆ ಮಾತಿನ ಗಡುವು ಮುಗಿಯುವುದು 2033ಕ್ಕೆ. ಆಮೇಲೆ ಏನು ಎಂಬುದನ್ನು ಯಾರೋ ಎಲ್ಲೋ ಕೂತು ತೀರ್ಮಾನಿಸುವ ಮೊದಲು ನಾವು ಬಾಯಿ ಬಿಡಬೇಕು. ಹಬ್ಬಕ್ಕೂ ಸಾವಿಗೂ ವಿಮಾನ ಹತ್ತಿ ಊರಿಗೆ ಓಡುವವರು ಹೊರನಾಡಿನಲ್ಲಿರುವ ನಾವೇ. ಮುಂದಿನ ಸಲ ನಿಮ್ಮ ಸಂಸದರು ಸಿಕ್ಕಾಗ ಒಂದೇ ಪ್ರಶ್ನೆ ಕೇಳಿ: ಎಚ್‌ಎಎಲ್ ನಿಲ್ದಾಣ ಮುಚ್ಚಿದೆಯೋ, ತೆರೆದಿದೆಯೋ?