ಎರಡು ನಿಷ್ಠೆಗಳ ನಡುವೆ

ರಣರಂಗದಲ್ಲಿ ಖಡ್ಗ ಹಿಡಿದವನನ್ನು ವೀರನೆಂದು ಕೊಂಡಾಡುವುದು ಲೋಕರೂಢಿ. ಆದರೆ ತನ್ನವರೆಲ್ಲರೂ ಖಡ್ಗ ಹಿಡಿದು ನಿಂತಾಗ ‘ಇದು ಸಲ್ಲದು’ ಎಂದು ಹೇಳುವುದಕ್ಕೂ ಧೈರ್ಯ ಬೇಕು. ಅವರು ಸೋತ ಮೇಲೆ ಅವರ ಕಷ್ಟದಲ್ಲಿ ತಾನಾಗಿಯೇ ಪಾಲುಗೊಳ್ಳುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು. ಕಾರೆಲ್ ಝೆರೋಟೀನನ ಬಾಳಿನಲ್ಲಿ ಈ ಎರಡನ್ನೂ ಕಾಣುತ್ತೇವೆ.

ಝೆರೋಟೀನ್ 1564ರಲ್ಲಿ ಬೊಹೀಮಿಯದ ಬ್ರಾಂಡೀಸ್ ಎಂಬ ಊರಿನಲ್ಲಿ ಜನಿಸಿದನು. ಬೊಹೀಮಿಯ ಮತ್ತು ಮೊರೇವಿಯಗಳು ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ನಾಡುಗಳು. ಆಗ ಅವು ಹ್ಯಾಪ್ಸ್‌ಬರ್ಗ್ ವಂಶದ ಕ್ಯಾಥೊಲಿಕ್ ಅರಸರ ಆಳ್ವಿಕೆಯಲ್ಲಿದ್ದವು. ಪ್ರಜೆಗಳಲ್ಲಿ ಬಹುಮಂದಿ ಪ್ರಾಟೆಸ್ಟೆಂಟರು. ಝೆರೋಟೀನನ ಮನೆತನವೂ ಪ್ರಾಟೆಸ್ಟೆಂಟ್ ಪಂಥವೊಂದಕ್ಕೆ ಸೇರಿದ್ದಿತು. ಚೆಕ್ ಭಾಷೆಯ ಪ್ರಸಿದ್ಧ ಬೈಬಲ್ ಅಚ್ಚಾದದ್ದು ಅವನ ತಂದೆಯ ಕ್ರಾಲಿಟ್ಸೆ ಕೋಟೆಯಲ್ಲಿಯೇ. ಬಾಸೆಲ್, ಜಿನೀವ ನಗರಗಳಲ್ಲಿ ವ್ಯಾಸಂಗ ಮಾಡಿದ ಝೆರೋಟೀನ್ 1608ರಿಂದ 1615ರವರೆಗೆ ಮೊರೇವಿಯದ ಪ್ರಾಂತಾಧಿಕಾರಿಯಾಗಿದ್ದನು.

1618ರಲ್ಲಿ ಬೊಹೀಮಿಯದ ಪ್ರಾಟೆಸ್ಟೆಂಟ್ ಸರದಾರರು ಅರಸನ ವಿರುದ್ಧ ದಂಗೆಯೆದ್ದರು. ಝೆರೋಟೀನ್ ಅವರೊಡನೆ ಸೇರಲಿಲ್ಲ. ಅರಸನಿಗೆ ನಿಷ್ಠನಾಗಿರುವುದು ತನ್ನ ಕರ್ತವ್ಯವೆಂದು ಅವನು ಬಗೆದಿದ್ದನು. ದಂಗೆಯಿಂದ ನಾಡಿಗೆ ಕೇಡೆಂದೂ ನಂಬಿದ್ದನು. ಸ್ವಮತದವರೇ ಅವನನ್ನು ದ್ರೋಹಿಯೆಂದು ಜರೆದರು. 1620ರ ನವೆಂಬರ್ 8ರಂದು ಪ್ರಾಗ್ ನಗರದ ಬಳಿಯ ಬಿಳಿಬೆಟ್ಟದ ಕದನದಲ್ಲಿ ದಂಗೆಕೋರರು ಸೋತುಹೋದರು. ಮರುವರ್ಷ ಜೂನ್ 21ರಂದು ಪ್ರಾಗಿನಲ್ಲಿ 27 ಮಂದಿಗೆ ಮರಣದಂಡನೆಯಾಯಿತು.

ಅರಸನ ಪಕ್ಷವನ್ನು ಬಿಡದಿದ್ದ ಝೆರೋಟೀನ್ ಇನ್ನು ನಿಶ್ಚಿಂತನಾಗಿ ಬಾಳಬಹುದಾಗಿತ್ತು. ಆದರೆ ಅವನು ಮಾಡಿದ್ದೇನು? ರಾಜಾಜ್ಞೆಯಿಂದ ದಿಕ್ಕೆಟ್ಟ ತನ್ನ ಪಂಥದ ಬೋಧಕರಿಗೆ ತನ್ನ ಜಹಗೀರಿನಲ್ಲಿ ಆಶ್ರಯವಿತ್ತನು. ಮುಂದೆ ಮಹಾ ಶಿಕ್ಷಣತಜ್ಞನೆಂದು ಹೆಸರಾದ ಕೊಮೇನಿಯಸ್ ಅವರಲ್ಲೊಬ್ಬನು. 1628ರಲ್ಲಿ ಮೊರೇವಿಯದ ಪ್ರಾಟೆಸ್ಟೆಂಟ್ ಸರದಾರರು ಮತವನ್ನು ಬಿಡಬೇಕು, ಇಲ್ಲವೇ ನಾಡನ್ನು ಬಿಡಬೇಕು ಎಂಬ ಆಜ್ಞೆ ಹೊರಟಿತು. ಅರುವತ್ತು ದಾಟಿದ್ದ ಝೆರೋಟೀನ್ ನಾಡನ್ನು ಬಿಟ್ಟನು. ಇಂದು ಪೋಲೆಂಡಿನಲ್ಲಿರುವ ವ್ರಾತ್ಸ್ವಾಫ್ ನಗರದಲ್ಲಿ ನೆಲೆಸಿದನು. 1636ರಲ್ಲಿ ಮೊರೇವಿಯದ ಪ್ರೆರೋವಿನಲ್ಲಿ ಅವನ ಬಾಳು ಮುಗಿಯಿತು.

ಅವನಂಥ ಪ್ರಭಾವಶಾಲಿ ಮೊದಲಿನಿಂದಲೇ ದಂಗೆಗೆ ನೆರವಾಗಿದ್ದರೆ ಫಲ ಬೇರೆಯಾಗುತ್ತಿತ್ತೆಂದು ವಾದಿಸಬಹುದು. ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಅವನು ಹೇಡಿ ಎಂಬ ಮಾತನ್ನು ನಾನು ಒಪ್ಪಲಾರೆ. ಹೇಡಿಯು ಗೆದ್ದವರ ನೆರಳನ್ನು ಅರಸುತ್ತಾನೆ. ಝೆರೋಟೀನನಿಗೆ ಆ ನೆರಳು ತಾನಾಗಿ ದೊರಕಿದ್ದಿತು. ಆತ್ಮಸಾಕ್ಷಿಯನ್ನು ಅದಕ್ಕೆ ಬೆಲೆಯಾಗಿ ಕೊಡಬೇಕಾಗಿ ಬಂದಾಗ ಅವನು ಅದನ್ನು ತೊರೆದನು. ಅರಸನಿಗೆ ಅವನು ನಿಷ್ಠೆಯನ್ನು ಕೊಟ್ಟಿದ್ದನೇ ಹೊರತು ತನ್ನ ಮನಸ್ಸನ್ನು ಮಾರಿಕೊಂಡಿರಲಿಲ್ಲ.

ಅವನು ಕಾಪಾಡಿದ ಕೊಮೇನಿಯಸನೂ ದೇಶಭ್ರಷ್ಟನಾದನು. 1658ರಲ್ಲಿ ಆತನು ಮಕ್ಕಳಿಗಾಗಿ ಚಿತ್ರಗಳಿಂದ ಕೂಡಿದ ಪಠ್ಯಪುಸ್ತಕವೊಂದನ್ನು ಪ್ರಕಟಿಸಿದನು. ನಿಮ್ಮ ಪಠ್ಯಪುಸ್ತಕದ ಚಿತ್ರಗಳನ್ನು ನೋಡುವಾಗ ಆ ಗುರುವನ್ನು ನೆನೆಯಿರಿ. ಅವನಿಗೆ ಆಪತ್ಕಾಲದಲ್ಲಿ ಬಾಗಿಲು ತೆರೆದವನನ್ನೂ ನೆನೆಯಿರಿ.