ತಂಡ ಯಾರ ಸೊತ್ತು?

ಹಣ ಹಾಕಿದವನು ಅವನು, ತಂಡವೂ ಅವನದೇ, ಎಲ್ಲಿಗೆ ಬೇಕಾದರೂ ಒಯ್ಯಲಿ. ವೃತ್ತಿಪರ ಕ್ರೀಡೆಯ ಚರ್ಚೆ ಎದ್ದಾಗಲೆಲ್ಲ ಈ ಮಾತು ಕೇಳಿಬರುತ್ತದೆ. ವ್ಯವಹಾರಜ್ಞಾನದ ವೇಷ ತೊಟ್ಟ ಈ ವಾದ ಎಷ್ಟು ಪೊಳ್ಳೆಂಬುದನ್ನು ತಿಳಿಯಲು ಅಮೆರಿಕನ್ ಫುಟ್‌ಬಾಲಿನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ 1995ರ ಋತುವೊಂದನ್ನು ನೋಡಿದರೆ ಸಾಕು.

ಏರಿ ಸರೋವರದ ದಂಡೆಯಲ್ಲಿರುವ ಕ್ಲೀವ್‌ಲ್ಯಾಂಡ್ ಉಕ್ಕಿನ ನಗರ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಜನ ಊರು ಬಿಟ್ಟರು, 1978ರಲ್ಲಿ ನಗರಾಡಳಿತವೇ ಸಾಲ ತೀರಿಸಲಾಗದೆ ಕೈಚೆಲ್ಲಿತು. ಇಷ್ಟೆಲ್ಲದರ ನಡುವೆಯೂ 1946ರಿಂದ ಆ ಊರಿನೊಡನೆ ಉಳಿದದ್ದು ಬ್ರೌನ್ಸ್. 1961ರಲ್ಲಿ ಜಾಹೀರಾತು ಉದ್ಯಮಿ ಆರ್ಟ್ ಮೊಡೆಲ್ ಸುಮಾರು 40 ಲಕ್ಷ ಡಾಲರಿಗೆ ಈ ತಂಡವನ್ನು ಕೊಂಡರು. ಅದರಲ್ಲಿಯೂ ಬಹುಪಾಲು ಸಾಲದ ಹಣ. 'ಹಣ ಹಾಕಿದವನು' ಎಂಬ ಮಾತಿನ ಮೊದಲ ಬಿರುಕು ಇಲ್ಲಿಯೇ ಇದೆ. ಮುಂದಿನ ಮೂರು ದಶಕಗಳಲ್ಲಿ ತಂಡದ ಬೆಲೆ ಹಲವು ಪಟ್ಟು ಬೆಳೆಯಿತು. ಬೆಳೆಸಿದವರು ಯಾರು? ಸರೋವರದ ಹಿಮಗಾಳಿಯಲ್ಲಿ ಕೂತು, ಸೋತ ವರ್ಷಗಳಲ್ಲಿಯೂ ಟಿಕೆಟ್ ಕೊಂಡ ಜನ.

ಮೊಡೆಲ್ ಅವರ ಅಸಮಾಧಾನಕ್ಕೆ ಕಾರಣವೇ ಇರಲಿಲ್ಲವೆಂದು ಹೇಳಲಾರೆ. ನಗರವು ಬೇಸ್‌ಬಾಲಿಗೆ ಹೊಸ ಮೈದಾನ ಕಟ್ಟಿಕೊಟ್ಟಿತು; 1994ರಲ್ಲಿ ಆ ತಂಡ ಅಲ್ಲಿಗೆ ಹೋದಾಗ 1931ರ ಹಳೆಯ ಕ್ರೀಡಾಂಗಣವನ್ನು ನಡೆಸುತ್ತಿದ್ದ ಮೊಡೆಲ್ ಆದಾಯ ಕಳೆದುಕೊಂಡರು. ಆದರೆ ಅಸಮಾಧಾನ ಬೇರೆ, ಅವರು ನಡೆದುಕೊಂಡ ರೀತಿ ಬೇರೆ. ಕ್ರೀಡಾಂಗಣದ ಮಾತುಕತೆ ಸದ್ಯಕ್ಕೆ ಬೇಡ, ಆಟದ ಮೇಲೆ ಗಮನವಿರಲಿ ಎಂದು ಮೌನ ಕೇಳಿದವರು ಅವರೇ. ಆ ಮೌನದ ಮರೆಯಲ್ಲಿ ಬಾಲ್ಟಿಮೋರಿನೊಡನೆ ಒಪ್ಪಂದಕ್ಕೆ ಸಹಿ ಹಾಕಿದವರೂ ಅವರೇ.

ಹಿಂದಿನ ವರ್ಷ 16 ಪಂದ್ಯಗಳಲ್ಲಿ 11 ಗೆದ್ದಿದ್ದ ತಂಡ 1995ರಲ್ಲಿಯೂ ಮೊದಲ ನಾಲ್ಕರಲ್ಲಿ ಮೂರನ್ನು ಗೆದ್ದಿತ್ತು. ನಂತರ ತುಸು ಎಡವಿತು, ನಿಜ. ನವೆಂಬರ್ 6ರಂದು, ಋತುವಿನ ನಟ್ಟನಡುವೆ, ತಂಡ ಬಾಲ್ಟಿಮೋರಿಗೆ ಹೋಗುತ್ತದೆಂಬ ಘೋಷಣೆ ಹೊರಬಿತ್ತು. ಮರುದಿನವೇ ಮತದಾನವಿತ್ತು. ಹಳೆಯ ಕ್ರೀಡಾಂಗಣವನ್ನು ನವೀಕರಿಸಲು ಮದ್ಯ ಮತ್ತು ಸಿಗರೇಟಿನ ಮೇಲಿನ ತೆರಿಗೆಯನ್ನು ಮುಂದುವರಿಸಬೇಕೇ ಎಂಬುದು ಪ್ರಶ್ನೆ. ತಂಡ ಹೋಗುತ್ತದೆಂದು ತಿಳಿದೂ ಶೇಕಡಾ 72ರಷ್ಟು ಮತದಾರರು ಹೌದೆಂದರು. ಜನ ಕಾಸು ಬಿಚ್ಚಲಿಲ್ಲ ಎಂಬ ಸಬೂಬಿಗೆ ಇದಕ್ಕಿಂತ ನೇರವಾದ ಉತ್ತರ ಬೇಕೇ?

ಆ ಬಳಿಕ ಉಳಿದ ಏಳು ಪಂದ್ಯಗಳಲ್ಲಿ ಬ್ರೌನ್ಸ್ ಗೆದ್ದದ್ದು ಒಂದನ್ನು ಮಾತ್ರ: ಡಿಸೆಂಬರ್ 17ರಂದು, ತವರಿನ ಕೊನೆಯ ಪಂದ್ಯದಲ್ಲಿ, ಸಿನ್ಸಿನಾಟಿಯ ವಿರುದ್ಧ 26-10ರಿಂದ. ಅಂದು ಪ್ರೇಕ್ಷಕರು ಕೂತ ಆಸನಗಳನ್ನೇ ಕಿತ್ತರು. ಆಟ ಮುಗಿದಾಗ ಆಟಗಾರರು ಪ್ರೇಕ್ಷಕರ ಬಳಿ ಓಡಿಹೋಗಿ ಅಪ್ಪಿಕೊಂಡರು. ಒಟ್ಟು ಐದು ಗೆಲುವು, ಹನ್ನೊಂದು ಸೋಲು. ದಾಖಲೆಯ ಪುಸ್ತಕ ಇದನ್ನು ತಂಡದ ವೈಫಲ್ಯವೆಂದು ಬರೆದುಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಇದು ಮಾಲೀಕತ್ವದ ವೈಫಲ್ಯ.

ಹಾಗೆಂದು ಮೊಡೆಲ್ ಒಬ್ಬರನ್ನೇ ಖಳನಾಯಕರನ್ನಾಗಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಬಾಲ್ಟಿಮೋರಿನ ಕಥೆ ನೋಡಿ. 1984ರ ಮಾರ್ಚಿನ ಒಂದು ರಾತ್ರಿ ಅದರ ಕೋಲ್ಟ್ಸ್ ತಂಡವನ್ನು ಲಾರಿಗಳಲ್ಲಿ ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಸಾಗಿಸಲಾಗಿತ್ತು. 1993ರಲ್ಲಿ ಲೀಗ್ ಎರಡು ಹೊಸ ತಂಡಗಳನ್ನು ಮಂಜೂರು ಮಾಡಿದಾಗಲೂ ಬಾಲ್ಟಿಮೋರಿಗೆ ಸಿಕ್ಕಿದ್ದು ನಿರಾಸೆಯೇ. ಗಾಯಗೊಂಡ ಊರು ಇನ್ನೊಂದು ಊರಿಗೆ ಅದೇ ಗಾಯ ಮಾಡಿತು. ಸರ್ಕಾರಿ ಲಾಟರಿಯ ಆದಾಯದಿಂದ ಹೊಸ ಕ್ರೀಡಾಂಗಣ ಕಟ್ಟಿ, ಬಾಡಿಗೆಯಿಲ್ಲದೆ ಬಿಟ್ಟುಕೊಡಲು ಒಪ್ಪಿತು. ಊರುಗಳು ಹೆಚ್ಚು, ತಂಡಗಳು ಆಗ ಇದ್ದದ್ದು ಮೂವತ್ತೇ. ಎಷ್ಟು ತಂಡವಿರಬೇಕೆಂದು ತೀರ್ಮಾನಿಸುವವರು ತಂಡಗಳ ಮಾಲೀಕರೇ. ಹೀಗೆ ಬರಗಾಲವನ್ನು ತಾವೇ ಸೃಷ್ಟಿಸಿ ಧಾನ್ಯವನ್ನು ಹರಾಜಿಗಿಡುವುದಕ್ಕೆ ಮುಕ್ತ ಮಾರುಕಟ್ಟೆ ಎಂಬ ಹೆಸರು ಒಪ್ಪುವುದಿಲ್ಲ. ಸಾರ್ವಜನಿಕ ಹಣದ ಪ್ರತಿ ರೂಪಾಯಿಗೂ ಟಿಪ್ಪಣಿ ಬರೆಯುವ ವೃತ್ತಿಯಲ್ಲಿರುವ ನನಗೆ, ನಷ್ಟವನ್ನು ಊರಿಗೂ ಲಾಭವನ್ನು ಒಬ್ಬನಿಗೂ ಹಂಚುವ ಇಂಥ ಲೆಕ್ಕ ಲೆಕ್ಕವೆಂದೇ ತೋರುವುದಿಲ್ಲ.

ಬೇರೆ ದಾರಿಯಿಲ್ಲವೆನ್ನುವವರು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇಯತ್ತ ನೋಡಲಿ. ಒಂದು ಲಕ್ಷದಷ್ಟು ಜನಸಂಖ್ಯೆಯ ಆ ಪುಟ್ಟ ಊರಿನ ಪ್ಯಾಕರ್ಸ್ ತಂಡಕ್ಕೆ 1923ರಿಂದಲೂ ಸಾಮಾನ್ಯ ಜನರೇ ಷೇರುದಾರರು. ಅವರಿಗೆ ಲಾಭಾಂಶವಿಲ್ಲ, ತಂಡ ಊರು ಬಿಡುವ ಭಯವೂ ಇಲ್ಲ. ಈ ಮಾದರಿ ಯಶಸ್ವಿಯಾಗಿದೆ. ಆದರೂ ಇನ್ನೊಂದು ಊರು ಅದನ್ನು ಅನುಸರಿಸದಂತೆ ಲೀಗಿನ ನಿಯಮವೇ ಅಡ್ಡ ನಿಂತಿದೆ.

ಕ್ಲೀವ್‌ಲ್ಯಾಂಡಿನ ಜನ ಸುಮ್ಮನಿರಲಿಲ್ಲ. ನ್ಯಾಯಾಲಯದ ಮೆಟ್ಟಿಲೇರಿದರು, ಲೀಗಿನ ಕಚೇರಿಯನ್ನು ಪತ್ರಗಳಿಂದ ತುಂಬಿದರು. 1996ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು: ಆಟಗಾರರು ಬಾಲ್ಟಿಮೋರಿಗೆ, ಹೆಸರು, ಬಣ್ಣ, ಚರಿತ್ರೆ ಕ್ಲೀವ್‌ಲ್ಯಾಂಡಿಗೆ. ಈ ಒಪ್ಪಂದವೇ ನನ್ನ ವಾದದ ಸಾಕ್ಷಿ. ಮಾಲೀಕ ಕೊಂಡದ್ದು ಕರಾರುಪತ್ರಗಳನ್ನು. ತಂಡವೆಂಬುದು ಅವನ ಕೈಗೆ ಎಂದೂ ಬಂದಿರಲೇ ಇಲ್ಲ. ಆದರೆ ಗೆಲುವು ಅರ್ಧದ್ದು. 1999ರಲ್ಲಿ ಬ್ರೌನ್ಸ್ ಮರಳಿದಾಗ ಊರು ಮತ್ತೆ ಸಾರ್ವಜನಿಕ ಹಣ ಸುರಿದು ಕ್ರೀಡಾಂಗಣ ಕಟ್ಟಬೇಕಾಯಿತು. ಹೊಸ ಮಾಲೀಕರಾಗಿ ಬಂದವರು ಹಿಂದೆ ಮೊಡೆಲ್ ಅವರ ಪಾಲುದಾರರಾಗಿದ್ದ ಆಲ್ ಲರ್ನರ್.

ಇದು ದೂರದ ದೇಶದ ಕಥೆಯೆಂದು ನಾವು ನಿರಾಳವಾಗಿರುವಂತಿಲ್ಲ. ನಮ್ಮ ಐಪಿಎಲ್ ಅಮೆರಿಕದ ಫ್ರಾಂಚೈಸಿ ಪದ್ಧತಿಯನ್ನೇ ಎರವಲು ಪಡೆದಿದೆ. 2009ರ ಚಾಂಪಿಯನ್ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಕಣ್ಮರೆಯಾದಾಗ ಹೈದರಾಬಾದಿನ ಅಭಿಮಾನಿಯ ಅಭಿಪ್ರಾಯ ಕೇಳುವ ವ್ಯವಸ್ಥೆಯೇ ಇರಲಿಲ್ಲ. ಪರವೂರಿನಲ್ಲಿ ಬೆಂಗಳೂರಿನ ತಂಡಕ್ಕಾಗಿ ಗಂಟಲು ಹರಿಯುವಂತೆ ಕೂಗುವ ನಾವು ಆ ತಂಡದ ಹೆಸರಿನ ಮೊದಲೆರಡು ಪದಗಳು ಒಂದು ಮದ್ಯದ ಬ್ರಾಂಡಿನವೆಂಬುದನ್ನು ಮರೆಯದಿರುವುದು ಲೇಸು. ಮೂರನೆಯ ಪದ ಮಾತ್ರ ನಮ್ಮದು. ಅದನ್ನು ನಮ್ಮದಾಗಿಯೇ ಉಳಿಸುವ ಕಾನೂನು ಬೇಕೆಂದು ತಂಡ ಗೆಲ್ಲುತ್ತಿರುವಾಗಲೇ ಕೇಳಬೇಕು. ಲಾರಿ ಹೊರಟ ಮೇಲೆ ಕ್ಲೀವ್‌ಲ್ಯಾಂಡಿನಷ್ಟು ಹೋರಾಡಿದರೂ ಸಿಗುವುದು ಅರ್ಧ ನ್ಯಾಯವೇ.